ಗಣಿ ಮುಚ್ಚುವ ಖರ್ಚು

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಕೆಲಸ ಕನಿಷ್ಠ ಎರಡು ಸಲ ನಿಂತು ಮತ್ತೆ ಶುರುವಾಗಿದೆ. ಮೊದಲು ಅಗೆದವರ ಹೆಸರು ಉಳಿದಿಲ್ಲ, ಅವರು ತೋಡಿದ ಗುಂಡಿ ಉಳಿದಿದೆ. ಬಂಡೆಗೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿ, ಕಾದ ಕಲ್ಲಿಗೆ ನೀರು ಸುರಿದು, ಬಿರುಕು ಬಿಟ್ಟದ್ದನ್ನು ಕಿತ್ತು ಮೇಲೆ ಹೊರುತ್ತಿದ್ದರು. ಹೀಗೇ 600 ಅಡಿಗಿಂತ ಕೆಳಗೆ ಇಳಿದಿದ್ದರು. ಒಳಗೆ ಸಿಕ್ಕ ಹಳೆಯ ಮರದ ತುಂಡುಗಳಿಗೆ ಸುಮಾರು 2000 ವರ್ಷ ವಯಸ್ಸೆಂದು ಇಂಗಾಲ ಪರೀಕ್ಷೆ ಹೇಳಿತು. ಮೇಲೆ ನೆಲದಲ್ಲಿ, ಅದಿರು ಕುಟ್ಟಿ ಕುಟ್ಟಿ ಬಂಡೆಯಲ್ಲಿ ಬಿದ್ದ ಒರಳಿನಂಥ ಕುಳಿಗಳು. ಬಿಟ್ಟುಹೋದವರು ಹಿಂದೆ ಉಳಿಸಿದ್ದು ಇದ್ದಿಲು, ಬೂದಿ, ಪುಡಿಗಲ್ಲು ಅಷ್ಟೆ. ಅದರಿಂದ ಕೇಡಾಗುವುದಿರಲಿ, ಮುಂದಿನವರಿಗೆ ಅನುಕೂಲವೇ ಆಯಿತು: ನಿಜಾಮರ ಸೀಮೆಯಲ್ಲಿ ಚಿನ್ನ ಹುಡುಕಿದ ಇಂಗ್ಲಿಷರು ಹಳೆಯ ಗುಂಡಿಗಳ ಜಾಡನ್ನೇ ಹಿಡಿದು ಹೋದರು. 1915ರಲ್ಲಿ ಮಸ್ಕಿಯಲ್ಲಿ ಅಶೋಕನ ಹೆಸರಿರುವ ಶಾಸನ ಕಂಡದ್ದೂ ಸಿ. ಬೀಡನ್ ಎಂಬ ಗಣಿ ಎಂಜಿನಿಯರಿಗೆ. ಆತ ಬಂದದ್ದು ಚಿನ್ನಕ್ಕೆ, ಸಿಕ್ಕಿದ್ದು ಚಕ್ರವರ್ತಿ.

ಗಣಿಯನ್ನು ಹಾಗೇ ಬಿಟ್ಟು ಎದ್ದುಹೋಗಬಹುದು ಎಂಬ ಧೈರ್ಯ ಬಹುಶಃ ಈ ಹಳೆಯ ಗುಂಡಿಗಳಿಂದಲೇ ಬಂದಿದೆ. ಆದರೆ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸುವ ವಿಧಾನ 19ನೇ ಶತಮಾನದ ಕೊನೆಗೆ ಬಂದ ಮೇಲೆ ಗಣಿ ಎಂಬುದೇ ಬೇರೆಯಾಯಿತು. ಹಟ್ಟಿಯಲ್ಲಿ 1902ರಲ್ಲಿ ಆರಂಭವಾದ ಕಂಪನಿ ಕೆಲಸ ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ನಿಂತಿತು. 1937ರಲ್ಲಿ ನಿಜಾಮ್ ಸರ್ಕಾರ ಮತ್ತೆ ಕೈಹಾಕಿತು, 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿತು. ಹಟ್ಟಿಗೆ ಮರುಜನ್ಮ ಸಿಕ್ಕಿದ್ದರಿಂದ ಮುಚ್ಚುವ ಲೆಕ್ಕ ಯಾರೂ ಕೇಳಲಿಲ್ಲ. ಆ ಲೆಕ್ಕ ಕಣ್ಣಿಗೆ ರಾಚುವುದು ಕೋಲಾರದಲ್ಲಿ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಊರಿಗೆ ಉಳಿದದ್ದು ಸುಮಾರು 3.3 ಕೋಟಿ ಟನ್ ಪುಡಿ, ಜನ ಸೈನೈಡ್ ಗುಡ್ಡ ಎನ್ನುವ ದಿಬ್ಬಗಳು. ಗಾಳಿ ಎದ್ದರೆ ಆ ಧೂಳು ಮನೆಯೊಳಗೇ ಬರುತ್ತದೆ. ಗಣಿ ಮುಚ್ಚುವ ಯೋಜನೆಯೂ ಅದಕ್ಕೆ ಹಣದ ಖಾತರಿಯೂ ಇರಲೇಬೇಕೆಂಬ ನಿಯಮ ಬಂದದ್ದು 2003ರಲ್ಲಿ, ಎರಡು ವರ್ಷ ತಡವಾಗಿ.

ಇಲ್ಲಿ ಅಣುವಿದ್ಯುತ್ತಿನವರಿಂದ ಕಲಿಯುವುದಿದೆ. ಬ್ರಿಟನ್ನಿನ ಕಾಲ್ಡರ್ ಹಾಲ್ 1956ರಲ್ಲಿ ಶುರುವಾಗಿ 2003ರಲ್ಲಿ ನಿಂತಿತು, ಕಳಚುವ ಕೆಲಸ ಇನ್ನೂ ಮುಗಿದಿಲ್ಲ. ಲೋಕದಲ್ಲಿ ನಿಂತಿರುವ ರಿಯಾಕ್ಟರುಗಳು 200ಕ್ಕೂ ಹೆಚ್ಚು, ಪೂರ್ತಿ ಕಳಚಿ ನೆಲ ಹಸನಾದವು ಅದರಲ್ಲಿ ತೀರಾ ಕಡಿಮೆ. ಆದರೂ ಅವರಲ್ಲಿ ಒಂದು ಶಿಸ್ತು ಇದೆ: ನಡೆಯುವಾಗಲೇ ಮುಚ್ಚುವ ದುಡ್ಡು ಎತ್ತಿಡುವುದು. ಭಾರತದ ಅಣುವಿದ್ಯುತ್ ದರದಲ್ಲಿ ಯೂನಿಟ್ಟಿಗೆ 2 ಪೈಸೆ ಇದಕ್ಕೆಂದೇ ಸೇರಿದೆ. ಸಾಕಾಗುವುದೇ ಎಂಬುದು ಬೇರೆ ತಕರಾರು, ನನಗೂ ಅನುಮಾನವೇ. ಎರಡನ್ನೂ ಹೋಲಿಸಬಾರದು, ವಿಕಿರಣದ ಆಯುಸ್ಸೇ ಬೇರೆ ಎನ್ನುವವರಿದ್ದಾರೆ. ಒಪ್ಪುವೆ. ಸೈನೈಡ್ ಬಿಸಿಲಿಗೆ ಒಡೆಯುತ್ತದೆ. ಆದರೆ ಅದಿರಿನ ಜೊತೆ ಮೇಲೆ ಬಂದ ಭಾರಲೋಹಗಳು ಬಿಸಿಲಿಗೂ ಮಳೆಗೂ ಕರಗಿ ಇಲ್ಲವಾಗುವುದಿಲ್ಲ. ಹೋಲಿಕೆ ವಿಷದ ಪ್ರಮಾಣದ್ದಲ್ಲ, ಆದಾಯ ನಿಂತ ಮೇಲೂ ನಿಲ್ಲದ ಖರ್ಚಿನದು.

ಇನ್ನೊಂದು ವಾದ ಇನ್ನೂ ಗಟ್ಟಿ: 1920ರ ಸುಮಾರಿಗೆ ಹಟ್ಟಿಯನ್ನು ಮಣ್ಣು ತುಂಬಿ ಮುಚ್ಚಿದ್ದರೆ 1937 ಸುಲಭವಾಗುತ್ತಿತ್ತೇ? ಇಲ್ಲ. ಆದರೆ ಮುಚ್ಚುವುದೆಂದರೆ ತುಂಬುವುದೇ ಆಗಬೇಕಿಲ್ಲ. ಸುರಂಗದ ನಕ್ಷೆ ಕಾಪಾಡಿ, ಶಾಫ್ಟಿನ ಬಾಯಿಗೆ ಕಾವಲಿಟ್ಟು, ಮೇಲಿನ ಪುಡಿ ಹಾರದಂತೆ ಮಣ್ಣು ಹೊದಿಸಿ ಗಿಡ ಹಚ್ಚಿದರೆ ಮುಂದಿನವರ ದಾರಿಯೂ ಉಳಿಯುತ್ತದೆ. ಕೋಲಾರದ ದಿಬ್ಬಗಳಿಂದ ಉಳಿದ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ. ತ್ಯಾಜ್ಯವೇ ನಾಳಿನ ಅದಿರು ಎನ್ನುವವರಿಗೆ ಇದೊಂದು ಸಾಕ್ಷಿ. ಆದರೆ ಆ ನಾಳೆ ಬರುವುದಕ್ಕೆ ಚಿನ್ನದ ದರ ಇಷ್ಟು ಏರಬೇಕಾಯಿತು. ನಡುವಿನ 23 ವರ್ಷದ ಧೂಳಿನ ಖರ್ಚು ಯಾವ ಕಂಪನಿಯ ಪುಸ್ತಕದಲ್ಲೂ ಬರೆದಿಲ್ಲ.