ಕುಸುಬಿಯ ಕೆಂಪು

ವಿಜಯಪುರದಿಂದ ಅಥಣಿಯ ಹಾದಿ ಹಿಡಿದರೆ ಮೊದಲು ಸಿಗುವುದು ತೊರವಿ. ಕನ್ನಡ ಪಾಠ ಹೇಳುವ ನನಗೆ ಆ ಹೆಸರು ಕಿವಿಗೆ ಬಿದ್ದೊಡನೆ ಕುಮಾರವಾಲ್ಮೀಕಿಯ ರಾಮಾಯಣ ನೆನಪಾಗುತ್ತದೆ. ನನ್ನ ವಿದ್ಯಾರ್ಥಿನಿಯರಿಗೆ ಅದು 2003ರಲ್ಲಿ ಹುಟ್ಟಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತಿರುವ ಮಹಿಳಾ ವಿಶ್ವವಿದ್ಯಾಲಯದ ಊರು. ಅದನ್ನು ದಾಟಿ ಮುಂದೆ ಹೋದರೆ ತಿಕೋಟಾ. ಕಳೆದ ಮಾಘಮಾಸದಲ್ಲಿ ಹಳೆಯ ವಿದ್ಯಾರ್ಥಿನಿಯೊಬ್ಬಳ ಮನೆಯ ಕಾರ್ಯಕ್ಕೆಂದು ಅಲ್ಲಿಗೆ ಹೋಗಿದ್ದೆ. ಊಟವಾದ ಮೇಲೆ ಅವಳು ಹೊಲದ ಬದುವಿಗೆ ಕರೆದೊಯ್ದು, ಬಿಳಿಜೋಳದ ಸಾಲುಗಳಾಚೆ ಮುಳ್ಳೆದ್ದು ನಿಂತ ಕುಸುಬಿಯನ್ನು ತೋರಿಸಿ, “ಸರ, ಈ ಹೂವಿನಾಗ ಕೆಂಪು ಬಣ್ಣ ಐತಂತ, ನಿಮ್ಮ ಹಳೇ ಪುಸ್ತಕದಾಗ ಏನರ ಹೇಳ್ಯಾರೇನ್ರೀ?” ಎಂದು ಕೇಳಿದಳು.

ಕುಸುಂಭ ಎಂಬ ಸಂಸ್ಕೃತ ಶಬ್ದವನ್ನು ಎಷ್ಟೋ ಸಲ ಅರ್ಥ ಹೇಳಿ ಮುಂದೆ ಸಾಗಿದವನು ನಾನು. ಹೂವಿನ ಒಳಗೇನಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ನಮ್ಮ ಸೀಮೆಯಲ್ಲಿ ಕುಸುಬಿ ಎಂದರೆ ಎಣ್ಣೆ, ಅಷ್ಟೆ. ಆದರೆ ಇದರ ಎಸಳಿನಲ್ಲಿ ಎರಡು ಬಣ್ಣಗಳಿವೆ. ಹಳದಿ ನೀರಿನಲ್ಲಿ ಕರಗಿ ಹೋಗುತ್ತದೆ, ಕೆಂಪು ನೀರಿಗೆ ಬಗ್ಗುವುದಿಲ್ಲ. ಹಳದಿಯನ್ನು ತೊಳೆದು ಚೆಲ್ಲಿ, ಉಳಿದ ಎಸಳನ್ನು ಕ್ಷಾರದ ನೀರಿನಲ್ಲಿ ನೆನೆಸಿದರೆ ಕೆಂಪು ಹೊರಗೆ ಬರುತ್ತದೆ. ಆಮೇಲೆ ಅದರೊಳಗೆ ಬಟ್ಟೆಯನ್ನಿಟ್ಟು ನಿಂಬೆಯ ಹುಳಿ ಹಿಂಡಿದರೆ ಬಣ್ಣ ನೂಲಿಗೆ ಬಂದು ಕೂಡುತ್ತದೆ. ಕುಸುಬಿ, ಒಲೆಯ ಬೂದಿ, ಇಂಡಿಯ ನಿಂಬೆ: ಮೂರೂ ಈ ಜಿಲ್ಲೆಯವೇ. ಹಿಂದೆ ಬಣ್ಣಗಾರರು ಬಲ್ಲ ಈ ವಿದ್ಯೆ ನಮ್ಮಜ್ಜಿಯ ಕಾಲಕ್ಕಾಗಲೇ ಮನೆಮಾತಾಗಿ ಉಳಿದಿರಲಿಲ್ಲ.

ಬೂದಿಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ತಿಕೋಟಾದ ಸುತ್ತ ದ್ರಾಕ್ಷಿಯನ್ನು ಒಣಗಿಸುವ ನೆರಳುಮನೆಗಳಿವೆ. ಹಣ್ಣನ್ನು ಮೊದಲು ಪೊಟ್ಯಾಸಿಯಂ ಕಾರ್ಬೊನೇಟು ಮತ್ತು ಈಥೈಲ್ ಓಲಿಯೇಟು ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಸಿಪ್ಪೆಯ ಮೇಲಿನ ಮೇಣ ಸಡಿಲಾಗಿ, ಒಳಗಿನ ನೀರು ಬೇಗ ಆರಿ, ಎರಡು ಮೂರು ವಾರಗಳಲ್ಲಿ ಮಣೂಕ ಸಿದ್ಧವಾಗುತ್ತದೆ. ಇದು ಹೊಸ ವಿಜ್ಞಾನವೆಂದು ನಾವು ತಿಳಿದರೆ, ಒಂದನೆಯ ಶತಮಾನದ ರೋಮಿನ ಕೃಷಿಲೇಖಕ ಕೊಲುಮೆಲ್ಲಾ ನಕ್ಕಾನು. ಬೂದಿಯ ತಿಳಿಗೆ ತುಸು ಎಣ್ಣೆ ಬೆರೆಸಿ ಅದರಲ್ಲಿ ದ್ರಾಕ್ಷಿಯನ್ನು ಅದ್ದುವ ಕ್ರಮವನ್ನು ಅವನು ಬರೆದಿಟ್ಟಿದ್ದಾನೆ. ಪೊಟ್ಯಾಸಿಯಂ ಕಾರ್ಬೊನೇಟೆಂದರೆ ಕಟ್ಟಿಗೆಯ ಬೂದಿಯ ಸಾರವೇ ಅಲ್ಲವೆ?

ಬಣ್ಣದ ಕಥೆ ಕೆಟ್ಟದ್ದು ಲಂಡನ್ನಿನಲ್ಲಿ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಕ್ವಿನೈನು ಮಾಡಹೊರಟು ಊದಾಬಣ್ಣ ಮಾಡಿ ಕುಳಿತ. 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್, ಬೇರಿನಲ್ಲಿ ಹುಟ್ಟುತ್ತಿದ್ದ ಅಲಿಜರಿನ್ ಎಂಬ ಕೆಂಪನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದರು. ಎರೆನೆಲದಲ್ಲಿ ಮೂರು ವರ್ಷ ಕಾದು ಅಗೆಯಬೇಕಾಗಿದ್ದ ಸುರಂಜಿಯ ಬೇರನ್ನು ಆಮೇಲೆ ಕೇಳುವವರು ಯಾರು? 1897ರಲ್ಲಿ ಜರ್ಮನಿಯ ಕೃತಕ ನೀಲಿ ಪೇಟೆಗೆ ಬಂದಿತು. ನಮ್ಮಲ್ಲಿ ನೀಲಗಾರ ಎಂಬ ಮನೆತನದ ಹೆಸರು ಮಾತ್ರ ಹಾಜರಿಪುಸ್ತಕದಲ್ಲಿ ಉಳಿದಿದೆ, ನೀಲಿಯ ಹಂಡೆ ಉಳಿದಿಲ್ಲ.

ಈ ಇತಿಹಾಸದಲ್ಲಿ ಹೆಂಗಸರ ಹೆಸರನ್ನು ಹುಡುಕಿದರೆ ನಿರಾಶೆಯೇ ಗತಿ. 1997ರ ವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದ ಇಳಕಲ್ಲಿನ ಸೀರೆಯನ್ನು ನೋಡಿರಿ. ಕಂಡಿಕೆ ಸುತ್ತುವುದು, ಹಾಸು ಹೂಡುವುದು ಮನೆಯ ಹೆಂಗಸರ ದುಡಿಮೆ. ಲೆಕ್ಕದ ಪುಸ್ತಕ ಗಂಡಸಿನದು. ಹನ್ನೆರಡನೆಯ ಶತಮಾನದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ಹೆಸರನ್ನು ಉಳಿಸಿಹೋದಳು. ಅದೂ ಕದಿರಿನಿಂದಲ್ಲ, ವಚನದಿಂದ.

ನಮ್ಮ ಕಾಲದಲ್ಲಿ ಗಾಳಿ ತುಸು ತಿರುಗಿದೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಕೊಟ್ಟ ಪ್ರೇರಣೆಯಿಂದ ಢಾಕಾದ ರೂಬಿ ಘಜ್ನವಿ ಸಸ್ಯವರ್ಣಗಳ ಬೆನ್ನುಹತ್ತಿ, 1990ರಲ್ಲಿ ‘ಅರಣ್ಯ’ ಎಂಬ ಉದ್ಯಮವನ್ನೇ ಕಟ್ಟಿದರು. ನಮ್ಮ ಹೆಗ್ಗೋಡಿನ ಬಳಿಯ ‘ಚರಕ’ದಲ್ಲಿ ಹಳ್ಳಿಯ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು, ಅಡಿಕೆ ಬೇಯಿಸಿ ಉಳಿದ ಚೊಗರಿನಿಂದಲೇ ಕೈಮಗ್ಗದ ನೂಲಿಗೆ ಬಣ್ಣ ಕೊಟ್ಟರು. ತ್ಯಾಜ್ಯವೇ ಕಚ್ಚಾ ಮಾಲಾಗುವ ಈ ಉಪಾಯಕ್ಕೆ ಪಂಡಿತರ ಹೆಸರು ಹಸಿರು ರಸಾಯನಶಾಸ್ತ್ರ. ಅದರ ಹನ್ನೆರಡು ಸೂತ್ರಗಳನ್ನು ಅನಾಸ್ತಾಸ್ ಮತ್ತು ವಾರ್ನರ್ ಬರೆದದ್ದು 1998ರಲ್ಲಿ. ಬೆಂಗಳೂರಿನಲ್ಲಿ ಎಳಿಲ್ ಸುಬ್ಬಿಯನ್ ಅವರು ವಿನೋದ್ ಕುಮಾರರೊಡನೆ 2013ರಲ್ಲಿ ಆರಂಭಿಸಿದ ಸ್ಟ್ರಿಂಗ್ ಬಯೋ, ಮೀಥೇನ್ ಅನಿಲವನ್ನು ಸೂಕ್ಷ್ಮಾಣುಗಳಿಗೆ ಉಣಿಸಿ ಪ್ರೋಟೀನು ಮಾಡುವಷ್ಟು ದೂರ ಹೋಗಿದೆ.

ಗಿಡದಿಂದ ಬಂದುದೆಲ್ಲ ಸಾಧುವೆಂದು ನಾನು ಹೇಳಲಾರೆ. ಬಣ್ಣ ಹಿಡಿಯಲು ಪಟಿಕ ಹಾಕುವುದು ಬೇರೆ, ಕ್ರೋಮಿಯಂ ಲವಣ ಹಾಕುವುದು ಬೇರೆ. ಸೌದೆಯೂ ಬೇಕು, ನೀರೂ ಬೇಕು. ನೀರಿನ ಬೆಲೆ ವಿಜಯಪುರದವರಿಗೆ ಯಾರೂ ಕಲಿಸಬೇಕಾಗಿಲ್ಲ. ನನ್ನ ವಿದ್ಯಾರ್ಥಿನಿಗೆ ಇದೆಲ್ಲ ಗೊತ್ತಿದೆ. ಅವಳೂ ಬಬಲೇಶ್ವರದ ಗೆಳತಿಯೊಬ್ಬಳೂ ಸೇರಿ, ಬಿರಿದು ಮಾರಾಟಕ್ಕೆ ಬಾರದ ದಾಳಿಂಬೆಯ ಸಿಪ್ಪೆಯನ್ನು ಒಣಗಿಸಿಟ್ಟಿದ್ದಾರೆ. ಪಟಿಕದೊಡನೆ ಅದು ಹಳದಿ, ಕಬ್ಬಿಣದ ನೀರು ತಗುಲಿದರೆ ಕಪ್ಪಿನತ್ತ ತಿರುಗುತ್ತದೆ. ಅಳಲೆಕಾಯಿಯ ಒಗರು ಕುಡಿಸದೆ ಹತ್ತಿ ಬಣ್ಣ ಹಿಡಿಯದೆಂಬುದನ್ನು ಮೂರು ಸಲ ಕೆಡಿಸಿ ಕಲಿತರಂತೆ.

ಎರಡು ದೊಡ್ಡ ಹಂಡೆಗಳಿಗೂ ಒಂದು ತಗಡಿನ ಚಪ್ಪರಕ್ಕೂ ಸಾಲ ಕೇಳಲು ಹೋದಾಗ ಒಂದು ಬ್ಯಾಂಕಿನವರು, ಹೊಲದ ಉತಾರ ಯಾರ ಹೆಸರಿನಲ್ಲಿದೆ ಎಂದರಂತೆ. ಒಬ್ಬಳ ಮನೆಯಲ್ಲಿ ತಂದೆಯ ಹೆಸರು, ಇನ್ನೊಬ್ಬಳಲ್ಲಿ ಅಣ್ಣನದು. ಮಗಳಿಗೂ ಸಮಪಾಲೆಂದು ಕರ್ನಾಟಕ ಕಾನೂನು ಮಾಡಿದ್ದು 1994ರಲ್ಲಿ, ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಎಷ್ಟು ತೆರೆದಿರುತ್ತದೆಂಬುದು ಮಾತ್ರ ಯಾವ ಕಾನೂನಿನಲ್ಲಿಯೂ ಬರೆದಿಲ್ಲ. “ಅಣ್ಣನ್ನ ಕೇಳಾಕ ಮನಸ ಬರೂದಿಲ್ರೀ” ಎಂದಳು ಆ ಗೆಳತಿ. ಹಂಡೆಗಳು ಕೊನೆಗೆ ಅವಳ ಎರಡು ಬಳೆಗಳಿಂದ ಬಂದವು.

ಹೊರಡುವಾಗ ಕುಸುಬಿಯ ಕೆಂಪಿನಲ್ಲಿ ಅದ್ದಿದ ಒಂದು ಕರವಸ್ತ್ರ ಕೊಟ್ಟರು. ಮನೆಗೆ ಬಂದು ಮೇಜಿನ ಮೇಲೆ ಹಾಸಿದ್ದೆ. ತಿಂಗಳಾಗುವಷ್ಟರಲ್ಲಿ ಕಿಟಕಿಯ ಕಡೆಯ ಅರ್ಧ ಬಿಳಿಚಿಕೊಂಡಿತು. ಈ ಕೆಂಪು ಬಿಸಿಲಿಗೆ ಬಲು ಬೇಗ ಸೋಲುತ್ತದೆ. ಸಂಕೋಚದಿಂದಲೇ ತಿಳಿಸಿದೆ. ಉತ್ತರ ಅಂದೇ ಬಂದಿತು: “ಬಿಸಲಾಗ ಇಡಬ್ಯಾಡ್ರೀ ಸರ. ಮುಂದಿನ ವಾರ ದಾಳಿಂಬರಿದು ಕಳಸ್ತೀನಿ, ಅದನ್ನ ಕಿಟಕ್ಯಾಗ ಇಟ್ಟು ನೋಡಿ ಹೇಳ್ರಿ.”