ಪ್ರಾಯ ಬಂದ ಮೇಲೆ ಬ್ರೈಲ್ ಕಲಿತವರು

ಅಂಧರ ಲಿಪಿಯ ಚರಿತ್ರೆಯನ್ನು ಬರೆಯುವವರು ಫ್ರಾನ್ಸಿನ ಲೂಯಿ ಬ್ರೈಲನಿಂದ ತೊಡಗುವುದು ವಾಡಿಕೆ. ಅದು ನ್ಯಾಯವೂ ಹೌದು. ೧೮೦೯ರಲ್ಲಿ ಕೂವ್ರೆ ಎಂಬ ಊರಿನಲ್ಲಿ ಕುದುರೆಯ ಜೀನುಗಳನ್ನು ಮಾಡುವವನ ಮಗನಾಗಿ ಹುಟ್ಟಿದ ಆತನು, ಮೂರನೆಯ ವರ್ಷದಲ್ಲಿ ತಂದೆಯ ಆಯುಧವೊಂದು ಕಣ್ಣಿಗೆ ತಾಗಿ, ಕ್ರಮೇಣ ಎರಡು ಕಣ್ಣುಗಳನ್ನೂ ಕಳೆದುಕೊಂಡನು. ಪ್ಯಾರಿಸಿನ ಅಂಧ ಬಾಲಕರ ಶಾಲೆಯಲ್ಲಿ ಓದುತ್ತಿರುವಾಗ, ಹದಿನೈದನೆಯ ವಯಸ್ಸಿಗೇ ಆರು ಚುಕ್ಕೆಗಳ ಲಿಪಿಯನ್ನು ಕಲ್ಪಿಸಿ, ೧೮೨೯ರಲ್ಲಿ ಪ್ರಕಟಪಡಿಸಿದನು. ಆದರೆ ಇದು ಬಾಲಕನೊಬ್ಬನು ಬಾಲಕರ ನಡುವೆ ಮಾಡಿದ ಕಾರ್ಯದ ಕಥೆ. ದೀರ್ಘಕಾಲ ಕಣ್ಣಿನಿಂದಲೇ ಓದಿ, ತರುವಾಯ ದೃಷ್ಟಿ ಹೋದವರ ಗತಿಯೇನು? ಅವರು ಈ ಲಿಪಿಯನ್ನು ಕಲಿಯಬಲ್ಲರೇ? ಈ ಪ್ರಶ್ನೆಯು ಅಷ್ಟಾಗಿ ಚರ್ಚೆಗೆ ಬಂದಂತೆ ಕಾಣದು. ಆದರೂ ಬ್ರೈಲಿನ ಭಾಗ್ಯವು ಬಹುಮಟ್ಟಿಗೆ ಅಂಥವರ ಕೈಯಿಂದಲೇ ತೆರೆಯಿತೆಂಬುದನ್ನು ಇಲ್ಲಿ ವಾಚಕರ ಮುಂದಿಡಲು ಬಯಸುತ್ತೇನೆ.

ಕಷ್ಟವೆಲ್ಲಿದೆಯೆಂಬುದನ್ನು ಮೊದಲು ತಿಳಿಯಬೇಕು. ಒಂದೊಂದು ಅಕ್ಷರಕ್ಕೆ ಒಂದೊಂದು ಮನೆ; ಮನೆಯಲ್ಲಿ ಎರಡು ಸಾಲು, ಸಾಲಿಗೆ ಮೂರು ಚುಕ್ಕೆಗಳ ಸ್ಥಾನ. ಇವುಗಳಲ್ಲಿ ಕೆಲವನ್ನು ಎಬ್ಬಿಸಿ ಕೆಲವನ್ನು ಬಿಟ್ಟರೆ ೬೩ ರೂಪಗಳಾಗುತ್ತವೆ. ಇವುಗಳನ್ನು ಬಾಯಿಪಾಠ ಮಾಡುವುದು ಬುದ್ಧಿವಂತನಾದ ಪ್ರೌಢನಿಗೆ ಕೆಲವು ದಿನಗಳ ಮಾತು. ಬುದ್ಧಿಗೆ ತಿಳಿದುದು ಬೆರಳಿಗೆ ತಿಳಿಯದಿರುವುದೇ ತೊಡಕು. ಚುಕ್ಕೆಗೂ ಚುಕ್ಕೆಗೂ ನಡುವೆ ಇರುವ ಅಂತರವು ಸುಮಾರು ಎರಡೂವರೆ ಮಿಲಿಮೀಟರು ಮಾತ್ರ. ಕಣ್ಣು ಒಂದೇ ನೋಟದಲ್ಲಿ ಪದವನ್ನೆಲ್ಲ ಹಿಡಿಯುವುದು. ಬೆರಳು ಒಂದೊಂದೇ ಮನೆಯನ್ನು ದಾಟಿ ಹೋಗಬೇಕು. ಹೊಸಬನು ಗಾಬರಿಯಿಂದ ಬೆರಳನ್ನು ಒತ್ತುವನು, ಅದೇ ಮನೆಯ ಮೇಲೆ ಮೇಲಕ್ಕೂ ಕೆಳಕ್ಕೂ ಉಜ್ಜುವನು; ಒತ್ತಿದಷ್ಟೂ ಚುಕ್ಕೆಗಳು ಕಲಸಿಹೋಗುವುವು. ನೇಗಿಲನ್ನೋ ಸುತ್ತಿಗೆಯನ್ನೋ ಹಿಡಿದು ಜಡ್ಡುಗಟ್ಟಿದ ಕೈಯಾದರೆ ಮತ್ತಷ್ಟು ಶ್ರಮ. ಇವೆಲ್ಲಕ್ಕೂ ಮಿಗಿಲಾದ ಅಡ್ಡಿಯೊಂದುಂಟು: ಈ ಲಿಪಿಯನ್ನು ಕಲಿಯಲು ಕುಳಿತೆನೆಂದರೆ ದೃಷ್ಟಿಯು ಇನ್ನು ಮರಳಿ ಬಾರದೆಂದು ನಾನೇ ಒಪ್ಪಿಕೊಂಡಂತೆ ಎಂಬ ಮನಸ್ಸಿನ ನೋವು. ಅನೇಕರು ಈ ಹೊಸ್ತಿಲಲ್ಲಿಯೇ ನಿಂತುಬಿಡುತ್ತಾರೆ.

ಇಂಗ್ಲೆಂಡಿನ ವಿಲಿಯಂ ಮೂನ್ ಎಂಬಾತನು ಈ ಸಂಕಟವನ್ನು ಬಲ್ಲವನಾಗಿದ್ದನು. ಬಾಲ್ಯದಿಂದಲೇ ಮಂದದೃಷ್ಟಿಯಿದ್ದ ಆತನು ೧೮೪೦ರಲ್ಲಿ, ಇಪ್ಪತ್ತೊಂದು ವರ್ಷದವನಾಗಿದ್ದಾಗ, ಪೂರ್ಣ ಅಂಧನಾದನು. ಆಗ ರೂಢಿಯಲ್ಲಿದ್ದ ಉಬ್ಬುಲಿಪಿಗಳು ಕಲಿಯುವವರಿಗೆ ಕಠಿನವಾಗಿರುವುದನ್ನು ಕಂಡು, ೧೮೪೫ರಲ್ಲಿ ತನ್ನದೇ ಲಿಪಿಯೊಂದನ್ನು ಹೊರತಂದನು. ಅದು ಚುಕ್ಕೆಗಳಲ್ಲ, ಗೆರೆಗಳು. ರೋಮನ್ ಅಕ್ಷರಗಳನ್ನೇ ಸರಳಗೊಳಿಸಿ, ದೊಡ್ಡದಾಗಿ ಎಬ್ಬಿಸಿದ ಆಕೃತಿಗಳು. ಕಣ್ಣಿದ್ದಾಗ ಕಲಿತ ಅಕ್ಷರದ ನೆನಪು ಬೆರಳಿಗೆ ಸಹಾಯವಾಗುತ್ತಿದ್ದುದರಿಂದ ವಯಸ್ಸಾದವರು ಅದನ್ನು ಬೇಗ ಕಲಿತರು. ಆದರೆ ಗ್ರಂಥಗಳು ಬಹಳ ದಪ್ಪನಾದುವು. ಕೈಯಿಂದ ಬರೆಯುವುದಕ್ಕಂತೂ ಅದು ಅನುಕೂಲವಾಗಿರಲಿಲ್ಲ. ಓದಬಲ್ಲವನು ಬರೆಯಲಾರದಿದ್ದರೆ ಅದು ಅರ್ಧ ವಿದ್ಯೆಯೇ ಸರಿ.

ಹೀಗೆ ಆ ದೇಶದಲ್ಲಿ ಹಲವು ಲಿಪಿಗಳು ಪರಸ್ಪರ ಕಲಹದಲ್ಲಿದ್ದಾಗ, ಅದನ್ನು ತೀರ್ಮಾನಿಸಲು ಮುಂದೆ ಬಂದವನು ವೈದ್ಯನಾಗಿದ್ದ ಥಾಮಸ್ ಆರ್ಮಿಟೇಜ್. ದೃಷ್ಟಿಯು ಕುಂದಿದ್ದರಿಂದ ನಡುಪ್ರಾಯದಲ್ಲಿ ವೃತ್ತಿಯನ್ನು ಬಿಡಬೇಕಾಗಿ ಬಂದ ಆತನು ೧೮೬೮ರಲ್ಲಿ ಒಂದು ಸಂಘವನ್ನು ಸ್ಥಾಪಿಸಿದನು. ನಿರ್ಣಯ ಮಾಡತಕ್ಕವರು ಬೆರಳಿನಿಂದಲೇ ಓದುವ ಅಂಧರಾಗಿರಬೇಕು, ಕಡಮೆಯೆಂದರೆ ಮೂರು ಲಿಪಿಗಳನ್ನು ಬಲ್ಲವರಾಗಿರಬೇಕು, ಯಾವುದೊಂದರಿಂದಲೂ ಹಣದ ಲಾಭವುಳ್ಳವರಾಗಿರಬಾರದು ಎಂಬುದು ಅಲ್ಲಿಯ ನಿಯಮ. ಅದುವರೆಗೆ ಕಣ್ಣುಳ್ಳವರು ತಮ್ಮ ಕಣ್ಣಿಗೆ ಚೆಲುವಾಗಿ ಕಂಡುದನ್ನು ಅಂಧರ ಬೆರಳಿಗೆ ವಿಧಿಸುತ್ತಿದ್ದರೆಂಬುದನ್ನು ನೆನೆದರೆ, ಈ ನಿಯಮದ ಮಹತ್ವವು ಹೊಳೆಯುವುದು. ಅವರು ಆರಿಸಿದುದು ಬ್ರೈಲನ್ನೇ.

ಅನಂತರದ ಪ್ರಕರಣಕ್ಕೆ ಮೊದಲನೆಯ ಮಹಾಯುದ್ಧವು ಕಾರಣವಾಯಿತು. ಪತ್ರಿಕೋದ್ಯಮಿಯಾಗಿದ್ದು, ಗ್ಲಾಕೋಮಾ ರೋಗದಿಂದ ಕಣ್ಣು ಕಳೆದುಕೊಂಡ ಆರ್ಥರ್ ಪಿಯರ್ಸನ್ ಎಂಬಾತನು ೧೯೧೫ರಲ್ಲಿ ಲಂಡನ್ನಿನಲ್ಲಿ ಸೇಂಟ್ ಡನ್‌ಸ್ಟನ್ಸ್ ಎಂಬ ಆಶ್ರಯಸ್ಥಾನವನ್ನು ತೆರೆದನು. ರಣರಂಗದಲ್ಲಿ ಅಂಧರಾದ ತರುಣರು ಅಲ್ಲಿಗೆ ಬಂದರು. ಮುಳ್ಳನ್ನು ಮುಟ್ಟಿ ಹೊತ್ತನ್ನು ತಿಳಿಯುವ ಗಡಿಯಾರ, ಟೈಪುಯಂತ್ರ, ಕೈಕಸುಬು, ಇವುಗಳೊಡನೆ ಬ್ರೈಲನ್ನೂ ಕಲಿಸಲಾಯಿತು. ಎಲ್ಲರೂ ಸರಾಗವಾಗಿ ಓದುವಂತಾದರೆಂದಲ್ಲ. ಆದರೆ ತಾಯಿಯ ಕಾಗದವನ್ನಾಗಲಿ ಹೆಂಡತಿಯ ಕಾಗದವನ್ನಾಗಲಿ ಪರರ ಬಾಯಿಂದ ಕೇಳಬೇಕಾದವನಿಗೆ, ತಾನೊಬ್ಬನೇ ಓದಿಕೊಳ್ಳಬಲ್ಲ ನಾಲ್ಕು ಸಾಲುಗಳ ಬೆಲೆಯೇನೆಂಬುದನ್ನು ಕಣ್ಣುಳ್ಳ ನಾವು ಊಹಿಸಿಯೇ ತಿಳಿಯಬೇಕು.

ಆ ತರುಣರಲ್ಲಿ ಒಬ್ಬನು ನ್ಯೂಜಿಲೆಂಡಿನ ಕ್ಲೂಥಾ ಮೆಕೆಂಜಿ. ಗಲಿಪೊಲಿಯ ಯುದ್ಧದಲ್ಲಿ, ೧೯೧೫ರ ಆಗಸ್ಟಿನಲ್ಲಿ, ಇಪ್ಪತ್ತು ವರ್ಷದವನಾಗಿದ್ದಾಗ ಆತನ ಕಣ್ಣುಗಳು ಹೋದುವು. ಈತನ ಕಥೆಯು ನಮ್ಮ ದೇಶದವರೆಗೆ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆತನು ಡೆಹರಾಡೂನಿನಲ್ಲಿ ಅಂಧರಾದ ಭಾರತೀಯ ಸೈನಿಕರ ಶಿಕ್ಷಣದ ಹೊಣೆ ಹೊತ್ತನು. ಆಗ ಭಾರತದಲ್ಲಿ ಬ್ರೈಲೆಂಬುದು ಒಂದಾಗಿರಲಿಲ್ಲ, ಪ್ರಾಂತಕ್ಕೊಂದು ಪದ್ಧತಿಯಿದ್ದಿತು. ಮೈಸೂರಿನಲ್ಲಿ ಕನ್ನಡಕ್ಕಾಗಿಯೇ ಒಂದು ಕ್ರಮವಿದ್ದಿತು. ಬಹಳ ವಾದವಿವಾದಗಳ ತರುವಾಯ ಪ್ರಶ್ನೆಯು ೧೯೪೯ರಲ್ಲಿ ಯುನೆಸ್ಕೋ ಸಂಸ್ಥೆಯ ಮುಂದೆ ಹೋಯಿತು. ಅಲ್ಲಿಯೂ ಆ ಕಾರ್ಯವನ್ನು ನಡೆಯಿಸಿದವನು ಮೆಕೆಂಜಿಯೇ. ೧೯೫೧ರಲ್ಲಿ ಭಾರತೀಯ ಭಾಷೆಗಳಿಗೆಲ್ಲ ಸಾಮಾನ್ಯವಾದ ಭಾರತಿ ಬ್ರೈಲ್ ಅಂಗೀಕೃತವಾಯಿತು.

ಕನ್ನಡವನ್ನು ಕಣ್ಣಿನಿಂದ ಓದಿದ್ದವನು ಈ ಲಿಪಿಗೆ ಬಂದರೆ ಕೆಲವನ್ನು ಮರೆಯಬೇಕಾಗುತ್ತದೆ. ತಲೆಕಟ್ಟು, ಗುಡಿಸು, ಕೊಂಬು, ಏತ್ವ ಯಾವುದೂ ಇಲ್ಲಿಲ್ಲ. ‘ಕಾ’ ಎಂದರೆ ಕಕಾರದ ಮನೆ, ಅದರ ಬಲಕ್ಕೆ ಆಕಾರದ ಮನೆ. ಕಾಗುಣಿತವೆಲ್ಲ ಹೀಗೆ ಒಂದೇ ಸಾಲಿನಲ್ಲಿ ಬಿಡಿಸಿಟ್ಟಂತಿದೆ. ಒತ್ತಕ್ಷರವು ಕೆಳಕ್ಕೆ ಇಳಿಯುವುದಿಲ್ಲ. ಅರ್ಧಾಕ್ಷರದ ಗುರುತಾದ ಒಂಟಿ ಚುಕ್ಕೆಯು ವ್ಯಂಜನಕ್ಕಿಂತ ಮೊದಲೇ ಬರುವುದು. ‘ಕನ್ನಡ’ ಎಂಬ ಪದವು ಕ, ಒಂಟಿ ಚುಕ್ಕೆ, ನ, ನ, ಡ ಎಂದು ಐದು ಮನೆಗಳಾಗುತ್ತದೆ. ಕಾಗುಣಿತವನ್ನು ಚೆನ್ನಾಗಿ ಬಲ್ಲವನಿಗೇ ಇದು ಮೊದಮೊದಲು ತಲೆಕೆಳಗಾಗಿ ತೋರಿದರೆ ಆಶ್ಚರ್ಯವಿಲ್ಲ.

ಪ್ರೌಢರ ಮಿದುಳು ಇದಕ್ಕೆ ಒಗ್ಗಲಾರದೆಂಬ ಹಳೆಯ ಮಾತನ್ನು ಇತ್ತೀಚಿನ ಪರೀಕ್ಷೆಗಳು ಸಡಿಲಿಸಿವೆ. ಕಣ್ಣುಳ್ಳ ಪ್ರೌಢರಿಗೆ ಐದು ದಿನ ಕಣ್ಣುಕಟ್ಟಿ ಬ್ರೈಲ್ ಕಲಿಸಿದಾಗ, ನೋಟಕ್ಕೆ ಮೀಸಲಾದ ಮಿದುಳಿನ ಭಾಗವು ಸ್ಪರ್ಶಕ್ಕೆ ಓಗೊಡತೊಡಗಿತೆಂದು ೨೦೦೮ರಲ್ಲಿ ಪ್ರಕಟವಾಯಿತು. ಕಟ್ಟನ್ನು ಬಿಚ್ಚಿದ ಒಂದೇ ದಿನದಲ್ಲಿ ಆ ಬದಲಾವಣೆಯು ಅಳಿದುಹೋಯಿತೆಂಬುದನ್ನೂ ಹೇಳಬೇಕು.

ಬರೆಯುವ ಕ್ರಮವು ಓದಿಗಿಂತಲೂ ವಿಚಿತ್ರವಾದುದು. ಹಲಗೆಯ ಮೇಲೆ ಹಾಳೆಯನ್ನಿಟ್ಟು ಮೊನಚಾದ ಕಡ್ಡಿಯಿಂದ ಒತ್ತಿದರೆ ಚುಕ್ಕೆಗಳು ಆಚೆಯ ಮಗ್ಗುಲಿಗೆ ಏಳುತ್ತವೆ. ಆದುದರಿಂದ ಬಲದಿಂದ ಎಡಕ್ಕೆ, ಪ್ರತಿಯೊಂದು ಅಕ್ಷರವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಒತ್ತುತ್ತ ಹೋಗಬೇಕು. ಹಾಳೆಯನ್ನು ತೆಗೆದು ಮಗುಚಿದ ಮೇಲೆಯೇ ತಾನು ಬರೆದುದು ತನ್ನ ಬೆರಳಿಗೆ ಸಿಗುವುದು.