ವಿ6 ಎಂಜಿನ್‌ಗೆ ಟರ್ಬೊ ಹಾಕ್ಸೋದು: ಗಾಳಿ, ಬಿಸಿ ಮತ್ತು ಕಾನೂನು

ಕ್ಯಾಲಿಫೋರ್ನಿಯಾದಲ್ಲಿರುವ ಗೆಳೆಯನ ಹತ್ತಿರ ಹಳೇ ಟೊಯೊಟಾ ಕ್ಯಾಮ್ರಿ ಇದೆ. 3.5 ಲೀಟರ್ ವಿ6 ಎಂಜಿನ್, 268 ಅಶ್ವಶಕ್ತಿ. ಯೂಟ್ಯೂಬ್‌ನಲ್ಲಿ ಯಾರೋ ಇಂಥದ್ದೇ ಕಾರಿಗೆ ಶನಿವಾರ–ಭಾನುವಾರದಲ್ಲಿ ಟರ್ಬೊ ಕೂರಿಸಿದ್ದನ್ನು ನೋಡಿ, 'ನೀನು ಮೆಕ್ಯಾನಿಕಲ್ ಓದಿದೋನಲ್ವಾ, ಇದು ಆಗೋ ಕೆಲಸಾನಾ?' ಅಂತ ಕೇಳಿದ. ಆಗುತ್ತೆ. ಆಮೇಲೆ ಎಂಜಿನ್ ಎಷ್ಟು ದಿನ ಬದುಕುತ್ತೆ, ಬದುಕಿದರೂ ಆ ಕಾರನ್ನು ರಸ್ತೆಗಿಳಿಸೋಕೆ ಸರ್ಕಾರ ಬಿಡುತ್ತಾ ಅನ್ನೋದು ಸ್ವಲ್ಪ ಉದ್ದದ ಕಥೆ.

ಟರ್ಬೊ ಅಂದರೆ ಒಂದೇ ದಂಡಕ್ಕೆ ಸಿಕ್ಕಿಸಿದ ಎರಡು ಚಕ್ರಗಳು. ಎಂಜಿನ್‌ನಿಂದ ಹೊರಬರುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದರ ಬಲದಿಂದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಸಿಲಿಂಡರ್‌ಗಳಿಗೆ ತುರುಕುತ್ತದೆ. ಈ ಚಕ್ರಗಳು ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುವುದು ಮಾಮೂಲು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ತತ್ತ್ವ ಇಷ್ಟೇ.

ಆದರೆ ಗಾಳಿಯನ್ನು ಅದುಮಿದರೆ ಬಿಸಿಯಾಗುತ್ತದೆ. ಸೈಕಲ್ ಪಂಪ್ ಹೊಡೆದು ಕೈ ಸುಟ್ಟುಕೊಂಡವರಿಗೆ ಇದು ಗೊತ್ತು. ಒಂದು ಸಣ್ಣ ಲೆಕ್ಕ ಮಾಡೋಣ. ಹೊರಗಿನ ಗಾಳಿ 30 ಡಿಗ್ರಿ ಇದೆ, ಟರ್ಬೊ ಅದರ ಒತ್ತಡವನ್ನು 1.4 ಪಟ್ಟು ಮಾಡುತ್ತದೆ ಅಂದುಕೊಳ್ಳಿ. ಶೇ 40ರಷ್ಟು ಹೆಚ್ಚು ಗಾಳಿ ಸಿಕ್ಕಿತು ಅಂತ ಖುಷಿಪಡುವ ಹಾಗಿಲ್ಲ. ಟರ್ಬೊದ ದಕ್ಷತೆ ಶೇ 70 ಅಂತ ಹಿಡಿದರೆ, ಹೊರಬರುವ ಗಾಳಿ ಸುಮಾರು 74 ಡಿಗ್ರಿಗೆ ಏರಿರುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ ನಿಜವಾಗಿ ಹೆಚ್ಚುವರಿ ಸಿಗೋದು ಶೇ 22ರಷ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 45 ಡಿಗ್ರಿಗೆ ಇಳಿಸಿದರೆ ಅದು ಶೇ 30ರ ಆಸುಪಾಸಿಗೆ ಬರುತ್ತದೆ.

ನಷ್ಟ ಇದೊಂದೇ ಅಲ್ಲ. ಬಿಸಿ ಮಿಶ್ರಣ ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಬೆಂಕಿಗೆ ಕಾಯದೆ, ಒಂದು ಮೂಲೆಯಲ್ಲಿ ತಾನೇ ಸಿಡಿಯುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಇದಕ್ಕೆ ನಾಕಿಂಗ್ ಅಂತಾರೆ. ಜೋರಾದ ನಾಕಿಂಗ್ ಕೆಲವೇ ಕ್ಷಣ ನಡೆದರೂ ಪಿಸ್ಟನ್ ಒಡೆಯಬಹುದು.

ಇಲ್ಲಿ ನೋಡಬೇಕಾದ ಅಂಕಿ ಕಂಪ್ರೆಷನ್ ರೇಶಿಯೊ, ಅಂದರೆ ಪಿಸ್ಟನ್ ಮೇಲೇರುವಾಗ ಮಿಶ್ರಣವನ್ನು ಎಷ್ಟು ಪಟ್ಟು ಅದುಮುತ್ತದೆ ಅನ್ನೋದು. ಗೆಳೆಯನ ಕ್ಯಾಮ್ರಿಯಲ್ಲಿ ಇದು 10.8. ಟರ್ಬೊ ಇಲ್ಲದ ಎಂಜಿನ್‌ಗೆ ಒಳ್ಳೆಯ ಅಂಕಿ. ಮೊದಲೇ ಅದುಮಿ ಕಳಿಸಿದ ಗಾಳಿಗೆ ಅದೇ ಅಪಾಯ.

ಈ ತಪ್ಪನ್ನು ದೊಡ್ಡ ಕಂಪನಿಯೇ ಒಮ್ಮೆ ಮಾಡಿದೆ. 1962ರಲ್ಲಿ ಓಲ್ಡ್ಸ್‌ಮೊಬೈಲ್ ತನ್ನ ಜೆಟ್‌ಫೈರ್ ಕಾರಿನ 3.5 ಲೀಟರ್ ವಿ8 ಎಂಜಿನ್‌ಗೆ ಟರ್ಬೊ ಹಾಕಿತು, ಕಂಪ್ರೆಷನ್ ರೇಶಿಯೊವನ್ನು ಮಾತ್ರ 10.25ರಲ್ಲೇ ಬಿಟ್ಟಿತು. ನಾಕಿಂಗ್ ತಡೆಯೋಕೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್‌ಗೆ ಚಿಮುಕಿಸುವ ಏರ್ಪಾಟು ಮಾಡಿತ್ತು. ಮಾಲೀಕರು ಆ ಟ್ಯಾಂಕ್ ತುಂಬಿಸೋದನ್ನೇ ಮರೆತರು. ಎರಡೇ ವರ್ಷಕ್ಕೆ ಮಾಡೆಲ್ ನಿಂತಿತು. ಆಮೇಲೆ ಕಂಪನಿಯೇ ಹಲವರ ಕಾರುಗಳಿಂದ ಟರ್ಬೊ ಕಳಚಿ ಸಾಮಾನ್ಯ ಕಾರ್ಬುರೇಟರ್ ಹಾಕಿಕೊಟ್ಟಿತು.

ಬ್ಯೂಕ್ ಕಥೆ ಬೇರೆ. 1973ರ ತೈಲ ಬಿಕ್ಕಟ್ಟಿನ ನಂತರ, 1975ರಲ್ಲಿ ಅಮೆರಿಕದ ಸಂಸತ್ತು ಕಾರು ಕಂಪನಿಗಳಿಗೆ ಮೈಲೇಜ್ ಗುರಿ ಹಾಕಿತು. ದೊಡ್ಡ ವಿ8 ಮಾರೋದು ಕಷ್ಟವಾದಾಗ ಬ್ಯೂಕ್ 1978ರಲ್ಲಿ ತನ್ನ ಸಾಧಾರಣ 3.8 ಲೀಟರ್ ವಿ6ಗೆ ಟರ್ಬೊ ಕೊಟ್ಟಿತು. ಕಂಪ್ರೆಷನ್ 8ಕ್ಕೆ ಇಟ್ಟಿತು, ನಾಕಿಂಗ್ ಪತ್ತೆಹಚ್ಚಿ ಸ್ಪಾರ್ಕ್ ತಡಮಾಡುವ ಸೆನ್ಸರ್ ಅಳವಡಿಸಿತು. ಆದರೂ ಸಿಕ್ಕಿದ್ದು ಹೆಚ್ಚೆಂದರೆ 165 ಅಶ್ವಶಕ್ತಿ. 1984ರಲ್ಲಿ ಕಾರ್ಬುರೇಟರ್ ಹೋಗಿ ಪ್ರತಿ ಸಿಲಿಂಡರ್‌ಗೆ ಸರದಿಯಂತೆ ಪೆಟ್ರೋಲ್ ಚಿಮ್ಮಿಸುವ ಕಂಪ್ಯೂಟರ್ ವ್ಯವಸ್ಥೆ ಬಂತು: 200. 1986ರಲ್ಲಿ ಇಂಟರ್‌ಕೂಲರ್: 235. 1987ರಲ್ಲಿ 245. ಒಂಬತ್ತು ವರ್ಷದಲ್ಲಿ ಎಂಜಿನ್ ಗಾತ್ರ ಬದಲಾಗಲಿಲ್ಲ. ಹೆಚ್ಚಾದ 80 ಅಶ್ವಶಕ್ತಿಯ ಬಹುಪಾಲು ಬಂದದ್ದು ಬಿಸಿಯನ್ನು, ಇಂಧನವನ್ನು ಹತೋಟಿಗೆ ತಂದಿದ್ದರಿಂದ. ವಾರಾಂತ್ಯದ ಕಿಟ್‌ನಲ್ಲಿ ಇರೋದು ಟರ್ಬೊ ಮತ್ತು ಕೊಳವೆಗಳು. ಈ ಹತೋಟಿಯ ಭಾಗ, ಅಂದರೆ ದೊಡ್ಡ ಇಂಜೆಕ್ಟರ್, ಪಂಪ್, ಹೊಸದಾಗಿ ಬರೆದ ಇಸಿಯು ಪ್ರೋಗ್ರಾಂ, ಬೇರೆಯೇ ಖರ್ಚು. ಇದನ್ನು ಕೊನೆಗೆ ನೋಡ್ಕೊಂಡ್ರಾಯ್ತು ಅನ್ನೋರೇ ಎಂಜಿನ್ ಬಿಚ್ಚಿಸೋದು.

ಇನ್ನು 'ವಿ' ಆಕಾರದ ತಲೆನೋವು. ಸಾಲು ಎಂಜಿನ್‌ನಲ್ಲಿ ಹೊಗೆ ಒಂದೇ ಬದಿಯಿಂದ ಬರುತ್ತದೆ. ವಿ6ನಲ್ಲಿ ಎರಡು ಬದಿ. ಕ್ಯಾಮ್ರಿಯಂಥ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಕೂತಿರುವುದರಿಂದ ಒಂದು ಬದಿ ರೇಡಿಯೇಟರ್ ಕಡೆಗಿದ್ದರೆ, ಇನ್ನೊಂದು ಡ್ಯಾಶ್‌ಬೋರ್ಡ್ ಹಿಂದಿನ ತಗಡಿಗೆ ಒತ್ತಿಕೊಂಡಿರುತ್ತದೆ. ಅಲ್ಲಿ ಕೈ ತೂರಿಸೋದೇ ಕಷ್ಟ. ಒಂದೇ ಟರ್ಬೊ ಆದರೆ ಎರಡೂ ಬದಿಯ ಹೊಗೆಯನ್ನು ಉದ್ದದ ಕೊಳವೆಯಲ್ಲಿ ಒಂದೆಡೆ ತರಬೇಕು. ದಾರಿಯಲ್ಲಿ ಶಾಖ ಸೋರುತ್ತದೆ, ಪಕ್ಕದ ವೈರ್, ರಬ್ಬರ್ ಪೈಪ್ ಬೇಯುತ್ತವೆ. ಎರಡು ಸಣ್ಣ ಟರ್ಬೊ ಹಾಕಿದರೆ ಒಂದು ಲಾಭವಿದೆ: ಈ ಎಂಜಿನ್‌ನ ಪ್ರತಿ ಬದಿಯ ಮೂರು ಸಿಲಿಂಡರ್‌ಗಳು 240 ಡಿಗ್ರಿಗೊಮ್ಮೆ ಸಮನಾಗಿ ಉರಿಯುವುದರಿಂದ ಒಂದರ ಹೊಗೆ ಇನ್ನೊಂದಕ್ಕೆ ಅಡ್ಡಬರುವುದಿಲ್ಲ. ಫೋರ್ಡ್ 2010ರ ಮಾಡೆಲ್ ಟಾರಸ್‌ನಲ್ಲಿ 3.5 ಲೀಟರ್ ವಿ6ಗೆ ಎರಡು ಟರ್ಬೊ ಹಾಕಿ 365 ಅಶ್ವಶಕ್ತಿ ತೆಗೆದದ್ದು ಈ ವಿನ್ಯಾಸದಲ್ಲೇ. ಆದರೆ ಎರಡು ಟರ್ಬೊ ಅಂದರೆ ಆಯಿಲ್ ಪೈಪ್‌ಗಳೂ ದುಪ್ಪಟ್ಟು. ಟರ್ಬೊದಿಂದ ಆಯಿಲ್ ತನ್ನ ಭಾರದಿಂದಲೇ ಕೆಳಗಿನ ಸಂಪ್‌ಗೆ ಇಳಿಯಬೇಕು. ಇಳಿಜಾರು ಸಿಗದಿದ್ದರೆ ಆಯಿಲ್ ಸೀಲ್ ದಾಟಿ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ.

ಎಲ್ಲ ಸರಿಯಾಯ್ತು ಅನ್ನಿ. ಆಮೇಲೆ ಕಾನೂನು. ಅಮೆರಿಕದ ಕ್ಲೀನ್ ಏರ್ ಕಾಯ್ದೆ ಮಾಲಿನ್ಯ ನಿಯಂತ್ರಣ ವ್ಯವಸ್ಥೆ ಕೆಡಿಸುವುದನ್ನು ನಿಷೇಧಿಸುತ್ತದೆ. ಕ್ಯಾಲಿಫೋರ್ನಿಯಾ ಇನ್ನೂ ಬಿಗಿ: ಇಂಥ ಕಿಟ್‌ಗೆ ರಾಜ್ಯದ ವಾಯು ಮಂಡಳಿಯ ಆದೇಶ ಸಂಖ್ಯೆ ಇರಬೇಕು, ಆ ಮಾಡೆಲ್‌ಗೆ ಅನ್ವಯಿಸಬೇಕು. ಇಲ್ಲದಿದ್ದರೆ ಹೊಗೆ ತಪಾಸಣೆಯಲ್ಲಿ ಬಾನೆಟ್ ಎತ್ತಿ ನೋಡಿದ ಕೂಡಲೇ ಫೇಲ್.

ನಮ್ಮಲ್ಲಿ? ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52ರ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ. ನನಗೆ ಕ್ಯಾಲಿಫೋರ್ನಿಯಾದ ದಾರಿಯೇ ಮೇಲು ಅನ್ಸುತ್ತೆ. ಅಲ್ಲಿ ಕಿಟ್ ಮಾಡುವವರು ಪರೀಕ್ಷೆ ಎದುರಿಸಿ ಅನುಮತಿ ಪಡೆಯಬಹುದು. ಇಲ್ಲಿ ಸಿಎನ್‌ಜಿ ಕಿಟ್‌ಗೆ ಅಂಥ ಬಾಗಿಲಿದೆ, ಗ್ಯಾರೇಜಿನ ಟರ್ಬೊಗೆ ಬಾಗಿಲು ಕಾಣುವುದು ಕಷ್ಟ. ಹಾಗಾಗಿ ಕೆಲಸ ಕದ್ದುಮುಚ್ಚಿ ನಡೆಯುತ್ತದೆ, ಅಪಘಾತವಾದಾಗ ವಿಮೆ ಕಂಪನಿ ಜೊತೆ ಜಗಳ ಶುರುವಾಗುತ್ತದೆ.

ಗೆಳೆಯನಿಗೆ ಇಷ್ಟೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಸೂಪರ್‌ಚಾರ್ಜರ್ ಆದ್ರೆ?' ಅಂದ. ಅದಕ್ಕೂ ಆದೇಶ ಸಂಖ್ಯೆ ಬೇಕು ಕಣೋ ಅಂದೆ.